ಅಂಬಿಗನ ‘ಬಂದ್ನಿ’

ಧಾರವಾಡದ ಟೇಶನ್ನಿನಿಂದ ಹೊಸ ಪಾದ್ರಿ ಸಾಹೇಬರನ್ನೂ ಅವರ ಹೆಂಡತಿಯನ್ನೂ ಬೈಲಹೊಂಗಲಕ್ಕೆ ಕರೆತರುವ ಕೆಲಸ ನನಗೆ ಬಂತು. ನಮ್ಮ ಬಂಡಿಗೆ ಮಳೆ ಸೋರದಂಥ ಚಾಪೆಯ ಗುಡಾರವಿತ್ತು. ಅದರ ಜೊತೆಗೆ ನನಗೆ ನಾಲ್ಕು ಅಕ್ಷರ ಬರುತ್ತಿದ್ದವು. ನಾನು ಶಾಲೆಗೆ ಹೋದದ್ದು ಮೀಸೆ ಮೂಡಿದ ಮೇಲೆ. ಹಾಲುಹಲ್ಲು ಬಿದ್ದ ಹುಡುಗರ ಸಾಲಿನಲ್ಲಿ ಕಾಲು ಮಡಚಿ ಕುಳಿತು ಕಲಿತೆ. ವ್ಯಾಕರಣವೆಂದರೆ ಹುಚ್ಚು. ‘ಬಂದೆನು, ಭೂತಕಾಲ; ಬರುವೆನು, ಭವಿಷ್ಯತ್ಕಾಲ’ ಎಂದು ಬಂಡಿ ಹೊಡೆಯುವಾಗಲೂ ಎತ್ತುಗಳಿಗೆ ಒಪ್ಪಿಸುತ್ತಿದ್ದೆ.

ಸಾಹೇಬರಿಗೆ ಇನ್ನೂ ಸಣ್ಣ ವಯಸ್ಸು. ಹಡಗಿನಲ್ಲಿ ವಾಂತಿ, ಮುಂಬಯಿ ಬಂದರಿನಲ್ಲಿ ನೀರಿಗೆ ಬಿದ್ದ ಪೆಟ್ಟಿಗೆ, ರೈಲಿನಲ್ಲಿ ಹೆಂಡತಿಗೆ ಹಿಡಿದ ಜ್ವರ, ಇದನ್ನೆಲ್ಲ ದಾರಿಯುದ್ದಕ್ಕೂ ಕ್ರಿಯಾಪದ ಹುಡುಕುತ್ತ ಹೇಳಿದರು. ವಾಂತಿಯ ನಡುವೆಯೇ ಪುಸ್ತಕದಿಂದ ಕಲಿತ ಕನ್ನಡ ಅದು. ತಪ್ಪಿಲ್ಲದ ಕನ್ನಡ, ನಮ್ಮಲ್ಲಿ ಯಾರೂ ಆಡದ ಕನ್ನಡ.

ಕಿತ್ತೂರು ದಾಟುವ ಹೊತ್ತಿಗೆ ಅಮ್ಮನವರ ಜ್ವರ ಏರಿತ್ತು. ಬೈಲಹೊಂಗಲದ ಬಂಗಲೆಯಲ್ಲಿ ಔಷಧ ಕೊಡುವ ಹಿರಿಯ ಪಾದ್ರಿ ಇದ್ದರು. ಅಲ್ಲಿಗೆ ಮುಟ್ಟಿಸಿದರೆ ಉಳಿಯುತ್ತಾರೆ ಎಂಬುದೊಂದೇ ನಮ್ಮ ಆಸೆ. ಆದರೆ ಆರಿದ್ರಾ ಮಳೆ ಹಿಡಿದಿತ್ತು. ಮಲಪ್ರಭೆ ಕೆಂಪಗೆ, ಮರದ ಬೊಡ್ಡೆಗಳನ್ನು ಹೊತ್ತು ಹರಿಯುತ್ತಿದ್ದಳು. ಬಂಡಿ ಇಳಿಸುವಂತಿರಲಿಲ್ಲ. ಅಂಬಿಗ ತನ್ನ ಹರಗೋಲಿನೊಂದಿಗೆ ಆಚೆ ದಂಡೆಯಲ್ಲಿದ್ದ.

ನಾನು ಬಾಯಿಗೆ ಕೈ ಹಿಡಿದು ಕೂಗಿದೆ. ಆಚೆಯಿಂದ ಮರುದನಿ ಬಂತು: “ಬಂದ್ನೀ...”

ಸಾಹೇಬರು ಪುಸ್ತಕ ತೆಗೆದರು. “ಬಂದ್ನಿ. ಅಂದರೆ ಬಂದೆನು. ಭೂತಕಾಲವೋ?”

ನನ್ನ ಎದೆ ಉಬ್ಬಿತು. “ಹೌದ್ರಿ ಸಾಹೇಬ್ರ, ಭೂತಕಾಲ” ಎಂದೆ.

ಅಷ್ಟು ಸಾಕಾಯಿತು. ಅವರು ಹೆಂಡತಿಯನ್ನು ಗುಡಾರದೊಳಗಿಂದ ಎತ್ತಿಕೊಂಡು ದಂಡೆಗೆ ಇಳಿದು, ಮೊಣಕಾಲು ನೀರಿನಲ್ಲಿ ನಿಂತರು. ಮಳೆ ಸುರಿಯುತ್ತಿತ್ತು. ಹರಗೋಲು ಅಲ್ಲಾಡಲಿಲ್ಲ. ಬಹಳ ಹೊತ್ತು ನಿಂತು, ತೊಯ್ದ ಹೆಂಡತಿಯನ್ನು ತಂದು ಮತ್ತೆ ಬಂಡಿಯ ಹುಲ್ಲಿನ ಮೇಲೆ ಮಲಗಿಸಿದರು.

ಅವರು ನಿಂತಿದ್ದಾಗಲೇ ನನಗೆ ಹೊಳೆದಿತ್ತು. ‘ಬಂದ್ನಿ’ ಎಂದರೆ ನಮ್ಮ ಕಡೆ ‘ಬರುತ್ತೇನೆ’ ಎಂದರ್ಥ. ಯಾವಾಗ ಬರುತ್ತೇನೆ ಎಂಬುದು ಅದರಲ್ಲಿಲ್ಲ. ಇಲ್ಲ ಎನ್ನುವುದು ಒರಟಾಗುತ್ತದೆಂದು ಬಂದ್ನಿ ಅನ್ನುತ್ತೇವೆ. ಆದರೆ ಭೂತಕಾಲ ಎಂದು ಹೇಳಿದ ಬಾಯಿಯಿಂದ ಅಲ್ಲ ಎನ್ನಲು ನಾಚಿಕೆಯಾಯಿತು. ಕಲಿತವನು ಎಂದು ನನ್ನನ್ನು ನಂಬಿದವರು ಜೀವನದಲ್ಲಿ ಅವರೊಬ್ಬರೇ.

ದಂಡೆಯಲ್ಲಿ ಉಳ್ಳಾಗಡ್ಡಿ ಚೀಲದ ಮೇಲೆ ಮುದುಕನೊಬ್ಬ ಕುಳಿತಿದ್ದ. ಎರಡನೇ ಸಲ ಆಚೆಯಿಂದ “ಬಂದ್ನೀ” ಕೇಳಿಸಿದಾಗ ಸಾಹೇಬರು ಮತ್ತೆ ಹೆಂಡತಿಯನ್ನು ಎತ್ತಿಕೊಂಡು ಇಳಿದರು. ಮುದುಕ ನನ್ನನ್ನು ನೋಡಿ ನಕ್ಕ.

“ಯಾಕ ತಮ್ಮಾ, ಸಾಹೇಬರಿಗೆ ಹೇಳಬಾರದ? ಅಂವ ಬಂದ್ನಿ ಅಂದಾಗ ನನ್ನ ಮಗಳು ತೊಟ್ಟಿಲದಾಗ ಇದ್ಲು. ಈಗ ಮದುವಿಗೆ ಬಂದಾಳ.”

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ತಲೆ ತಗ್ಗಿಸಿದೆ, ಹೇಳಲಿಲ್ಲ. ಮೂರನೇ ಸಲ ಅವರು ಎತ್ತಲು ಬಾಗಿದಾಗ ಅಮ್ಮನವರ ಹಲ್ಲು ಕಟಕಟ ಎನ್ನುತ್ತಿದ್ದವು. ಆಗ ಬಾಯಿಬಿಟ್ಟೆ.

“ಎತ್ತಬ್ಯಾಡ್ರಿ ಸಾಹೇಬ್ರ. ಅಂವ ಬರಾಂಗಿಲ್ಲ. ಬಂದ್ನಿ ಅಂದ್ರ ನಮ್ಮ ಕಡೆ ಹಂಗ ಅಂತಾರ್ರಿ, ಅಷ್ಟ.”

ಅವರು ಪುಸ್ತಕ ಮುಚ್ಚಿದರು. ಅವರಿಗೆ ಎಷ್ಟು ತಿಳಿಯಿತೋ ಅಂದು ನನಗೆ ಗೊತ್ತಾಗಲಿಲ್ಲ.

ಹೊತ್ತು ಇಳಿಯುವಾಗ ನೀರು ಗೇಣುದ್ದ ತಗ್ಗಿತು. ಅಂಬಿಗ ಬಂದ. ಬೊಡ್ಡೆಗಳು ಬಡಿಯುವಾಗ ಹೇಗೆ ಬರಲಿ ಎಂದ, ಅವನದೂ ತಪ್ಪಿರಲಿಲ್ಲ. ಅವರಿಬ್ಬರನ್ನೂ ದಾಟಿಸಿದ. ಆಚೆ ಬಂಗಲೆಯಿಂದ ಕಳಿಸಿದ ಬಂಡಿ ಬೆಳಗಿನಿಂದ ಕಾಯುತ್ತಿತ್ತು. ನಾನು ಎತ್ತು, ಬಂಡಿ, ಅವರ ಪೆಟ್ಟಿಗೆಗಳೊಂದಿಗೆ ಈಚೆಯೇ ಉಳಿದೆ.

ಹೊಳೆ ದಾರಿ ಬಿಟ್ಟದ್ದು ಮೂರನೆಯ ದಿನ. ಬೈಲಹೊಂಗಲ ಮುಟ್ಟಿದಾಗ ಮಧ್ಯಾಹ್ನ. ಬಂಗಲೆಯ ಅಡಿಗೆಯವನು ಗೇಟಿನಲ್ಲಿ ಮೆಲ್ಲಗೆ ಹೇಳಿದ: “ಅಮ್ಮಾರು ನಿನ್ನೆ ತೀರಿಕೊಂಡ್ರು. ಮಣ್ಣು ಕೊಟ್ಟಾತು.”

ಸಾಹೇಬರು ಹೊರಗೆ ಬಂದರು. ಪೆಟ್ಟಿಗೆ ಇಳಿಸಿದೆ. ಬಂಡಿಯ ಹುಲ್ಲಿನಲ್ಲಿ ಅಮ್ಮನವರ ಬೂಟು ಒಂದೇ ಇತ್ತು. ಕೊಟ್ಟೆ.

“ಮತ್ತೊಂದು?”

“ಹೊಳಿ ದಂಡಿ ಕೆಸರಾಗ ಹೋತ್ರಿ. ಹುಡುಕೇನ್ರಿ, ಸಿಗಲಿಲ್ಲ.”

ಅವರು ಬೂಟಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸುತ್ತ ಕೇಳಿದರು: “ಮೊದಲನೆಯ ಸಲವೇ ನಿನಗೆ ತಿಳಿದಿತ್ತೋ?”

ಸುಳ್ಳು ಹೇಳಬಹುದಿತ್ತು. ಹೌದೆಂದು ಗೋಣು ಹಾಕಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ಬಾಗಿಲ ತನಕ ಹೋಗಿ, ಒಂದು ಸಲ ತಿರುಗಿ, “ಬಂದ್ನಿ” ಎಂದರು. ಥೇಟ್ ನಮ್ಮವರಂತೆಯೇ ಎಂದರು.

ಎತ್ತುಗಳ ಕೊರಳು ಬಿಚ್ಚಿ ಕಟ್ಟೆಯ ಮೇಲೆ ಕುಳಿತೆ. ಅಡಿಗೆಯವನು ಎರಡು ಸಲ ಬಂದು, ಯಾಕ ಕುಂತಿ, ಹೋಗು ಎಂದ. ಸಾಹೇಬರು ಬಂದ್ನಿ ಅಂದಾರ ಎಂದೆ. ದನಗಳು ಮನೆಗೆ ಬರುವ ತನಕ ಕಾದು, ಆಮೇಲೆ ಬಂಡಿ ಹೂಡಿದೆ.