ಆರತಿಯ ಮಾತು ಕೇಳಲು ಬಂದ ಅಪ್ಪ

ಕಳೆದ ತಿಂಗಳು ಒಬ್ಬ ತಂದೆ ನನ್ನ ಕ್ಲಾಸಿಗೆ ಬಂದು ಮಗಳ ಮಾತು ವಾಪಸ್ ಕೊಡಿ ಎಂದು ಕೇಳಿದರು.

ನಿಮಗೆ ಗೊತ್ತೇ ಇದೆ, ಶನಿವಾರ ನಾನು ಬೀದರಿನ ಚಿದ್ರಿಯ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. (ನನ್ನ ಮೊಣಕಾಲು ನೋವೇ? ಅದಕ್ಕೆ ಭಾನುವಾರ ಇದೆಯಲ್ಲ.) ತಾಂಡಾಗಳಿಂದ ಬಂದು ಹಾಸ್ಟೆಲಿನಲ್ಲಿರುವ ಲಂಬಾಣಿ ಹುಡುಗಿಯರಿಗೆ ಈ ಸಪೋರ್ಟ್ ಕ್ಲಾಸು. ಆರನೇ ಕ್ಲಾಸಿನ ಆರತಿ ಅವರಲ್ಲೊಬ್ಬಳು. ಔರಾದ್ ತಾಲ್ಲೂಕಿನ ಚಿಂತಾಕಿ ಕಡೆಯವಳು. ತಾಂಡಾದಲ್ಲಿ ಅವರದೇ ಮಾತು, ಪಾಠದಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಶನಿವಾರ ನನ್ನ ಇಂಗ್ಲಿಷ್. ಪಾಪ, ಒಂದು ಬಾಯಿಗೆ ಎಷ್ಟು ನಾಲಿಗೆ ಬೇಕು?

ಆರತಿ ಒಂದನ್ನೂ ಬಳಸುತ್ತಿರಲಿಲ್ಲ. ಕರೆದರೆ ಎದ್ದು ನಿಲ್ಲುವಳು, ಅಷ್ಟೇ. ಬಹಳ ಡಿಸಿಪ್ಲಿನ್ ಹುಡುಗಿ ಎಂದು ನಾವೆಲ್ಲ ಹೊಗಳುತ್ತಿದ್ದೆವು.

ಅವಳ ತಂದೆ ಧನಸಿಂಗ್ ಬಾಗಿಲಲ್ಲೇ ನಿಂತು ಹೇಳಿದರು: "ಮನ್ಯಾಗ ಇಕಿ ಬಾಯಿಗಿ ತಾಂಡಾಕ್ಕ ನಿದ್ದಿ ಇರ್ತಿದ್ದಿಲ್ರಿ ಮೇಡಂ. ರಜಾಕ್ಕ ಬಂದ್ರ ಈಗ ಹೂಂ ಅಂತಾಳ, ಊಂಹೂಂ ಅಂತಾಳ. ಇಂಥಾ ಸಾಲಿ ನಮಗ ಯಾಕ ಬೇಕ್ರಿ? ಕರಕೊಂಡು ಹೋಗ್ತೇನಿ."

ನನಗೆ ಕೊಂಚ ರೋಷವೇ ಬಂತು. ಒಂದು ಚಾನ್ಸ್ ಕೊಡಿ, ಈಗಲೇ ಮಾತಾಡಿಸುತ್ತೇನೆ ಎಂದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ ರೀತಿಯಲ್ಲೇ ಅವಳನ್ನು ಬೋರ್ಡಿನ ಮುಂದೆ ಒಬ್ಬಳನ್ನೇ ನಿಲ್ಲಿಸಿದೆ. ಹ್ಯಾಂಡ್ಸ್ ಬಿಹೈಂಡ್, ಐಸ್ ಫ್ರಂಟ್. ಹೆಸರು, ಊರು ಹೇಳಮ್ಮಾ.

ಆರತಿ ಕಾಲಿನ ಹೆಬ್ಬೆರಳು ನೋಡಿದಳು. ಧನಸಿಂಗ್ ಹಾಸ್ಟೆಲಿನಿಂದ ಟ್ರಂಕು ತರಲು ಅವಳನ್ನು ಕಳಿಸಿದರು.

ಅಷ್ಟರಲ್ಲಿ ಊಟದ ಬೆಲ್. ನಾನು ಬೆಪ್ಪಾಗಿ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಅಂಗಳದಿಂದ ಹಾಡು ಕೇಳಿಸಿತು. ನಾನೂ ಧನಸಿಂಗರೂ ಕಿಟಕಿಗೆ ಹೋದೆವು. ಬೇವಿನ ಮರದ ಕೆಳಗೆ ತಾಂಡಾ ಹುಡುಗಿಯರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ಗುಂಡಗೆ ನಿಂತು, ಬಾಗುತ್ತಾ ಏಳುತ್ತಾ ಆರತಿಯನ್ನು ಬೀಳ್ಕೊಡುತ್ತಿದ್ದರು. ಹಾಡುತ್ತಿದ್ದದ್ದೇನು? ನನ್ನ ಇಂಗ್ಲಿಷ್ ಪಾಠ! ಮೈ ನೇಮ್ ಈಸ್, ಮೈ ಫಾದರ್ಸ್ ನೇಮ್ ಈಸ್... ಎಲ್ಲವೂ ದೀಪಾವಳಿಗೆ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗುವಾಗ ಹಾಡುವ ಧಾಟಿಯಲ್ಲಿ. ಹಾಡು ಎತ್ತುತ್ತಿದ್ದವಳು ಆರತಿ. ಟ್ರಂಕು ಪಕ್ಕದಲ್ಲಿ ಬಿದ್ದಿತ್ತು.

ತನ್ನ ಹೆಸರು ಇಂಗ್ಲಿಷ್ ಹಾಡಿನಲ್ಲಿ ಬಂದದ್ದು ಕೇಳಿ ಧನಸಿಂಗ್ ಮೀಸೆಯಲ್ಲೇ ನಕ್ಕರು. ನನ್ನ ಮುಂದೆ ಬಾಯಿ ಬಿಡದವಳು ಅಲ್ಲಿ ಹೇಗೆ ಬಿಟ್ಟಳು ಎಂದು ಕೇಳಿದೆ.

"ನಮ್ಮ ಹೆಣ್ಮಕ್ಳು ಒಬ್ಬಾಕಿನೇ ನಿಂತು ಯಾವಾಗ ಹಾಡ್ಯಾರ್ರಿ?" ಅಂದರು.

ಊಟದ ನಂತರ ಬೆಂಚುಗಳನ್ನು ಗೋಡೆಗೆ ಸರಿಸಿದೆವು. ಹುಡುಗಿಯರು ಗುಂಡಗೆ ನಿಂತರು. ಬೇರೆ ಕ್ಲಾಸಿನ ಬೀದರಿನ ಹುಡುಗಿಯರೂ ಬಂದು ಸೇರಿಕೊಂಡರು. ನನ್ನನ್ನೂ ಎಳೆದರು. (ಆ ಸಿಸ್ಟರ್ ನೋಡಿದ್ದರೆ ಕೊರಳ ಶಿಲುಬೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ, ಯಾರೂ ಇಲ್ಲದಾಗ, ನಕ್ಕೂ ಇರುತ್ತಿದ್ದರು. ಐ ಮಿಸ್ ಹರ್.) ಪಾಠ ಸುತ್ತು ತಿರುಗಿತು. ತನ್ನ ಸರದಿ ಬಂದಾಗ ಆರತಿ ಹೆಸರು ಹೇಳಿದಳು, ಊರು ಹೇಳಿದಳು, ಕೇಳದಿದ್ದರೂ ಮನೆಯ ಆಡುಗಳ ಹೆಸರನ್ನೂ ಹೇಳಿದಳು.

ಧನಸಿಂಗ್ ಔರಾದ್ ಬಸ್ಸಿಗೆ ಒಬ್ಬರೇ ಹೊರಟರು. ಒಂದೇ ಕರಾರು: "ದೀಪಾವಳಿಗೆ ಮಾತ್ರ ಕಳಸ್ರಿ ಮೇಡಂ. ಇಕಿ ಇಲ್ದ ತಾಂಡಾದಾಗ ಹಾಡು ಎತ್ತೋರು ಯಾರ್ರಿ?" ಹೆಡ್‌ಮೇಡಂ ಆಗಲೇ ರಜೆ ಮಂಜೂರು ಮಾಡಿದ್ದಾರೆ.

ಈಗ ನಮ್ಮ ಶನಿವಾರದ ಗದ್ದಲಕ್ಕೆ ಪಕ್ಕದ ಕ್ಲಾಸಿನ ಮಾಸ್ತರರಿಂದ ಪ್ರತಿ ವಾರ ಕಂಪ್ಲೇಂಟ್. ಬರಲಿ ಬಿಡಿ. ಆದರೆ ಅಷ್ಟು ದಿನದ ಆ ಮೌನದ ಬಗ್ಗೆ ಒಬ್ಬ ಅಪ್ಪನನ್ನು ಬಿಟ್ಟು ನಮ್ಮಲ್ಲಿ ಯಾರಾದರೂ ಕಂಪ್ಲೇಂಟ್ ಮಾಡಿದ್ದೆವೇ?