ರೈಫಲ್ಲಿನೊಳಗಿದ್ದ ಸೀರೆಯ ತುಂಡು

ನನ್ನ ಹಸಿರು ಸೀರೆಯ ಅಂಚನ್ನು ಯಾರೋ ಕತ್ತರಿಸಿದ್ದರು. "ಇಲಿ ಕಡದಿರಬೇಕು ಬಿಡು" ಎಂದರು ನನ್ನ ಗಂಡ. "ಇಲಿ ಕತ್ತರಿ ಹಿಡದಿತ್ತೇನ್ರಿ?" ಎಂದು ರೇಗಿದೆ. ಅವರು ನಕ್ಕರು. ಮರುದಿನ ಬೆಳಿಗ್ಗೆ ಎದೆನೋವು ಬಂದು ತೀರಿಕೊಂಡರು.

ಮಿಲಿಟರಿಯಿಂದ ಬಂದ ಮೇಲೆ ಅವರು ಶಹಾಪುರದ ಬ್ಯಾಂಕೊಂದರಲ್ಲಿ ಕಾವಲಿಗಿದ್ದರು. ಆ ಕೆಲಸಕ್ಕೆಂದೇ ಸೈನ್ಯ ಬಳಸಿ ಬಿಟ್ಟ ಹಳೆಯ ರೈಫಲ್ ಕೊಂಡಿದ್ದರು. ನಾನು ಅದನ್ನು ಎಂದೂ ಮುಟ್ಟಿದವಳಲ್ಲ. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಹಾಗಾಗಿ ದಿನಕರ್ಮ ಮುಗಿದ ಮೇಲೆ ಅದನ್ನು ಠಾಣೆಗೆ ಒಪ್ಪಿಸಲು ನಾನೇ ಒಯ್ದೆ.

ವಯಸ್ಸಾದ ಹವಾಲ್ದಾರರೊಬ್ಬರು ರೈಫಲ್ ತಿರುಗಿಸಿ, ಹಿಂಬದಿಯ ಕಟ್ಟಿಗೆಯಲ್ಲಿದ್ದ ಹಿತ್ತಾಳೆಯ ಸಣ್ಣ ಮುಚ್ಚಳ ತೆರೆದರು. "ಇದರಾಗ ಎಣ್ಣಿ ಶೀಸೆ, ನಳಗಿ ಒರಸೋ ಅರಿವಿ ಇಡ್ತಾರ್ರಿ ಅಕ್ಕಾರ. ಭಾಳ ಜ್ವಾಕಿಲೆ ಇಟ್ಟಾರ ನೋಡ್ರಿ ನಿಮ್ಮ ಯಜಮಾನ್ರು" ಎಂದರು. ಶೀಸೆಯ ಹಿಂದೆಯೇ ನಾಲ್ಕು ಬೆರಳಗಲದ ಹಸಿರು ಬಟ್ಟೆ ಹೊರಬಂತು. ನಾನು ಕೈ ಚಾಚಿದೆ. ಅವರು ಅದನ್ನು ನನ್ನ ಅಂಗೈಯಲ್ಲಿಟ್ಟರು.

ರೈಫಲ್ ಠಾಣೆಯಲ್ಲಿದೆ. ಎಣ್ಣೆ ವಾಸನೆಯ ಆ ತುಂಡು ಸೀರೆಯ ಮಡಿಕೆಯಲ್ಲಿದೆ. ಇಲಿ ಸಿಕ್ಕಿತು ಎಂದು ಹೇಳಬೇಕು, ಕೇಳಲು ಅವರಿಲ್ಲ.