ನಲವತ್ತಮೂರನೇ ನಂಬರಿನ ಟ್ರ್ಯಾಮು

ವಾಣಿಶ್ರೀಗೆ ಕಾರು ಓಡಿಸೋಕೆ ಬರಲ್ಲ ಅನ್ನುವುದು ಸ್ಯಾನ್ ರಮೋನ್‌ನ ನಮ್ಮ ಕನ್ನಡದವರ ಮನೆಗಳಲ್ಲೆಲ್ಲ ಗೊತ್ತಿದ್ದ ವಿಷಯ. ನಿಜ ಹೇಳಬೇಕೆಂದರೆ ಬರುತ್ತಿತ್ತು. ಅಮೆರಿಕಕ್ಕೆ ಬಂದ ಹೊಸತರಲ್ಲೇ ಲೈಸೆನ್ಸು ತೆಗೆದುಕೊಂಡಿದ್ದರು. ಒಂದು ದಿನ ಮಗಳು ಅಕ್ಷಯಾಳನ್ನು ಡೇಕೇರಿನಿಂದ ಕರೆತರುವಾಗ ಫ್ರೀವೇಗೆ ಸೇರುವ ತಿರುವಿನಲ್ಲಿ ಲಾರಿಯೊಂದು ಮೈಮೇಲೆ ಬಂದಂತಾಗಿ, ಕಾರನ್ನು ಅಂಚಿಗೆ ನಿಲ್ಲಿಸಿ ಸ್ಟಿಯರಿಂಗ್ ಹಿಡಿದು ಕೂತುಬಿಟ್ಟರು. ಗಂಡ ಶಿವಪ್ರಕಾಶ್ ಆಫೀಸಿನಿಂದ ಓಡಿಬಂದರು. ಬೈಯಲಿಲ್ಲ. "ನಾನಿದ್ದೀನಲ್ಲ, ನಿನಗ್ಯಾಕೆ ಈ ಉಸಾಬರಿ" ಅಂದರು. ಅವತ್ತು ಕೈಬಿಟ್ಟ ಕಾರನ್ನು ವಾಣಿಶ್ರೀ ಮತ್ತೆ ಮುಟ್ಟಲಿಲ್ಲ.

ಶಿವಪ್ರಕಾಶ್ ಹಾಸನದ ಕಡೆಯವರು, ಒಳ್ಳೆಯ ಮನುಷ್ಯ. ಗ್ರೋಸರಿಗೆ, ದೇವಸ್ಥಾನಕ್ಕೆ, ಡಾಕ್ಟರ ಹತ್ತಿರಕ್ಕೆ, ಎಲ್ಲಿಗೆ ಕೇಳಿದರೂ ಮುಖ ಸಿಂಡರಿಸದೆ ಕರೆದೊಯ್ಯುತ್ತಿದ್ದರು. ಆದರೆ ಪ್ರತಿ ಸಲ ಕೇಳಬೇಕಿತ್ತು. ಹುಡುಗಿಯಾಗಿದ್ದಾಗ ಮದ್ದೂರಿನಿಂದ ಮಂಡ್ಯದ ಕಾಲೇಜಿಗೆ ದಿನಾ ರೈಲಿನಲ್ಲಿ ಒಬ್ಬಳೇ ಹೋಗಿಬರುತ್ತಿದ್ದ ಹೆಂಗಸು ಕೊತ್ತಂಬರಿ ಸೊಪ್ಪಿಗೂ ಶನಿವಾರದ ತನಕ ಕಾಯುವಂತಾಗಿತ್ತು.

ರಿಟೈರಾಗುವ ವರ್ಷ ಶಿವಪ್ರಕಾಶ್‌ಗೆ ವಿಯೆನ್ನಾದಲ್ಲಿ ಒಂದು ಮೀಟಿಂಗು ಬಿತ್ತು. ಹೆಂಡತಿಯನ್ನೂ ಕರೆದುಕೊಂಡು ಹೋದರು. ಹೋಗುವ ಮುಂಚೆ ಅಲ್ಲಿನ ಟ್ರ್ಯಾಮು, ಬಸ್ಸುಗಳ ಬಗ್ಗೆ ಎಲ್ಲ ಓದಿಕೊಂಡಿದ್ದರು. ಟಿಕೆಟ್ಟಿಗೆ ಮುದ್ರೆ ಹಾಕಿಸದಿದ್ದರೆ ದಂಡ, ಬಾಗಿಲ ಗುಂಡಿ ಒತ್ತಿದರೇ ತೆರೆಯುವುದು, ಹೀಗೆ ವಿಮಾನದಲ್ಲೇ ಪಾಠ ಮಾಡಿದರು. "ಒಂದು ವೇಳೆ ನಾವು ಬೇರೆಯಾದರೆ ಮುಂದಿನ ಸ್ಟಾಪಿನಲ್ಲಿ ಇಳಿದು ಅಲ್ಲೇ ನಿಂತಿರು, ಕದಲಬೇಡ. ನಾನು ಬರ್ತೀನಿ," ಎಂದರು. ವಾಣಿಶ್ರೀಯ ಫೋನು ಆ ದೇಶದಲ್ಲಿ ನಡೆಯುತ್ತಿರಲಿಲ್ಲ.

ಎರಡನೇ ದಿನ ಮಧ್ಯಾಹ್ನ ಮೀಟಿಂಗು ಬೇಗ ಮುಗಿದು ಇಬ್ಬರೂ ಊರು ನೋಡಲು ಹೊರಟರು. ಅಕ್ಟೋಬರ್ ತಿಂಗಳು, ಸಣ್ಣ ಜಡಿಮಳೆ. ದೊಡ್ಡ ನಿಲ್ದಾಣವೊಂದರಲ್ಲಿ ನಲವತ್ತಮೂರನೇ ನಂಬರಿನ ಕೆಂಪು ಟ್ರ್ಯಾಮು ನಿಂತಿತ್ತು. ವಾಣಿಶ್ರೀ ಮೊದಲು ಹತ್ತಿದರು. ಶಿವಪ್ರಕಾಶ್ ಹತ್ತಬೇಕು, ಅಷ್ಟರಲ್ಲಿ ಕೋಲೂರಿಕೊಂಡ ಮುದುಕಿಯೊಬ್ಬಳು ಇಳಿಯತೊಡಗಿದಳು. ಅವರು ಪಕ್ಕಕ್ಕೆ ಸರಿದು, ಆಕೆಯ ಚೀಲ ಹಿಡಿದು, ಇಳಿಸಿದರು. ತಿರುಗುವುದರೊಳಗೆ ಬಾಗಿಲು ಮುಚ್ಚಿತು. ಗಾಜಿನ ಮೇಲೆ ಅಂಗೈಯಿಂದ ಬಡಿದರು. ಟ್ರ್ಯಾಮು ಹೊರಟೇಹೋಯಿತು. ಬೆರಳು ಮುಂದೆ ಮಾಡಿ 'ಮುಂದಿನ ಸ್ಟಾಪು' ಎಂದು ಸನ್ನೆ ಮಾಡಿದ್ದು ವಾಣಿಶ್ರೀಗೆ ಸ್ಪಷ್ಟವಾಗಿ ಕಂಡಿತು.

ಮುಂದಿನ ಸ್ಟಾಪು ಬಂತು. ಯಾರೋ ಗುಂಡಿ ಒತ್ತಿದರು, ಬಾಗಿಲು ತೆರೆಯಿತು. ವಾಣಿಶ್ರೀ ಕಂಬಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಇಳಿಯಲಿಲ್ಲ.

"ಯಾಕೆ ಅಂತ ಇವತ್ತಿಗೂ ಕೇಳ್ಕೊಳ್ತೀನಿ," ಎಂದು ವರ್ಷಗಳ ಮೇಲೆ ನನ್ನ ಹತ್ತಿರ ಹೇಳಿದರು. "ಕಾಲು ಎತ್ತಿ ಇಟ್ಟಿದ್ದರೆ ಆಗ್ತಿತ್ತು. ಇನ್ನೊಂದು ಸ್ಟಾಪು ನೋಡೋಣ ಅನ್ನಿಸಿತು. ಆಮೇಲೆ ಇನ್ನೊಂದು."

ಸೀಟು ಸಿಕ್ಕಿತು, ಕೂತರು. ಅಂಗಡಿಗಳು ಮುಗಿದು ಮನೆಗಳು ಬಂದವು, ಮನೆಗಳ ಹಿಂದೆ ಹಳದಿಗೆ ತಿರುಗಿದ ಮರಗಳ ಗುಡ್ಡ ಕಾಣಿಸಿತು. ಕೊನೆಯ ನಿಲ್ದಾಣದಲ್ಲಿ ಎಲ್ಲರ ಜೊತೆ ಇಳಿದರು. ಒಂದು ಬೇಕರಿ ಇತ್ತು. ಗಾಜಿನೊಳಗೆ ಕಪ್ಪು ಹೂರಣದ ಸುರುಳಿಯೊಂದನ್ನು ಬೆರಳು ತೋರಿಸಿ ಕೇಳಿದರು. ಕಚ್ಚಿದರೆ ಗಸಗಸೆ. ನಗು ಬಂತು. ಅದನ್ನು ತಿನ್ನುತ್ತಾ ಕಾಡಿನೊಳಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ದೂರ ನಡೆದರು, ಒದ್ದೆ ಬೆಂಚಿನ ಮೇಲೆ ಕೂತರು. ಎಲ್ಲಿದ್ದೀ, ಎಷ್ಟು ಹೊತ್ತಿಗೆ ಬರಲಿ, ಇನ್ನೇನಾದರೂ ತರೋದಿದೆಯಾ ಎಂದು ಕೇಳುವವರು ಯಾರೂ ಇರಲಿಲ್ಲ. ಚಳಿಯಾದಾಗ ಸ್ವೆಟರು ಗಂಡನ ತೋಳಿನ ಮೇಲಿದೆ ಎಂಬುದು ನೆನಪಾಯಿತು. ಆಗ ಎದ್ದು, ಅದೇ ನಂಬರಿನ ಟ್ರ್ಯಾಮಿನಲ್ಲಿ ಹಿಂದಿರುಗಿದರು.

ವಾಣಿಶ್ರೀ ಹತ್ತಿದ ಜಾಗದಲ್ಲೇ ಶಿವಪ್ರಕಾಶ್ ನಿಂತಿದ್ದರು. ಮುಂದಿನ ಸ್ಟಾಪಿಗೆ ಹೋಗಿ, ಅದರಾಚೆಯ ಸ್ಟಾಪಿಗೂ ಹೋಗಿ ಹುಡುಕಿ, ಕೊನೆಗೆ ಮೊದಲ ಜಾಗಕ್ಕೇ ಬಂದು ಕಾದಿದ್ದರು. ತಲೆಗೂದಲಿನಿಂದ ನೀರಿಳಿಯುತ್ತಿತ್ತು. ಸ್ವೆಟರು ಮಾತ್ರ ಕೋಟಿನೊಳಗೆ ಒಣಗಿಯೇ ಇತ್ತು. ಮೊದಲು ಅದನ್ನು ಹೆಂಡತಿಗೆ ಹೊದಿಸಿದರು.

"ಏನಾಯ್ತು ವಾಣಿ?"

ಆ ಮುಖ ನೋಡಿ ನಿಜ ಬಾಯಿಗೆ ಬರಲಿಲ್ಲ. "ಬಾಗಿಲು ಹೇಗೆ ತೆಗೆಯೋದು ಅಂತ ಗೊತ್ತಾಗಲಿಲ್ಲ ರೀ. ಗುಂಡಿ ಮರೆತೇಹೋಯ್ತು."

"ತಪ್ಪು ನಂದು," ಅಂದರು ಶಿವಪ್ರಕಾಶ್. "ನಿನ್ನನ್ನ ಮುಂದೆ ಹತ್ತಿಸಬಾರದಿತ್ತು."

ಉಳಿದ ದಿನಗಳಲ್ಲಿ ಅರ್ಧ ಮೀಟಿಂಗು ಬಿಟ್ಟು ಹೆಂಡತಿಯ ಜೊತೆಗೇ ಇದ್ದರು. ಓಡಾಟವೆಲ್ಲ ಟ್ಯಾಕ್ಸಿಯಲ್ಲೇ.

ಸ್ಯಾನ್ ರಮೋನ್‌ಗೆ ಬಂದ ಮೇಲೆ ಅದೊಂದು ಕಥೆಯಾಯಿತು. ಅವರ ಮನೆಯಲ್ಲೇ ನಾನು ಎರಡು ಸಲ ಕೇಳಿದ್ದೇನೆ. "ಗುಂಡಿ ಒತ್ತೋಕೆ ಬರದೆ ನಮ್ಮವಳು ಕಾಡು ಸೇರಿಬಿಟ್ಟಳು" ಎಂದು ಶಿವಪ್ರಕಾಶ್ ಹೇಳುವಾಗ ಅದರಲ್ಲಿ ಕುಹಕ ಇರುತ್ತಿರಲಿಲ್ಲ, ಸಿಕ್ಕಿದಳಲ್ಲ ಎಂಬ ನೆಮ್ಮದಿ ಇರುತ್ತಿತ್ತು. ಅಕ್ಷಯಾ "ಅಮ್ಮಾ, ಯು ಆರ್ ಸೋ ಕ್ಯೂಟ್" ಎಂದು ನಗುತ್ತಿದ್ದಳು. ವಾಣಿಶ್ರೀ ಕಾಫಿ ಲೋಟ ಹಂಚುತ್ತಿದ್ದರು.

ಮರುವರ್ಷ, ಕಾರಿನಲ್ಲಿ ಒಂದು ಗಂಟೆ ದೂರದ ಕ್ಯಾಂಪ್‌ಬೆಲ್‌ನ ಗೆಳತಿ ಸಂಯುಕ್ತಾ ಫೋನು ಮಾಡಿದರು. ಅಲ್ಲಿ ವಾರಕ್ಕೆರಡು ಮಧ್ಯಾಹ್ನ ಮಕ್ಕಳಿಗೆ ಕನ್ನಡ ಹೇಳಿಕೊಡಬೇಕು, ನೀವೇ ಬನ್ನಿ ಎಂದು. ಬಿ.ಎ. ಕನ್ನಡ ಓದಿದ್ದ ವಾಣಿಶ್ರೀಗೆ ಆಸೆ ಹುಟ್ಟಿತು. ಬಸ್ಸು, ಅಲ್ಲಿಂದ ಬಾರ್ಟ್ ರೈಲು, ಆಮೇಲೆ ಲೈಟ್ ರೈಲು ಎಂದು ದಾರಿಯನ್ನೂ ಹುಡುಕಿಟ್ಟರು.

"ಮೂರು ಗಾಡಿ ಹತ್ತಿ ಇಳಿಯಬೇಕು," ಎಂದರು ಶಿವಪ್ರಕಾಶ್. "ಒಂದು ಟ್ರ್ಯಾಮಿನಲ್ಲೇ ಏನಾಯ್ತು ನೆನಪಿಲ್ವಾ? ನಾನೇ ಬಿಡ್ತಿದ್ದೆ, ಆದರೆ ಆ ಹೊತ್ತಿನ ಟ್ರಾಫಿಕ್ಕಲ್ಲಿ ನನ್ನ ಕಣ್ಣು ಸೋಲುತ್ತೆ."

ಅವತ್ತು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕೆಲಸ ಬೇರೆ ಯಾರಿಗೋ ಹೋಯಿತು.

ಕಣ್ಣು ಸೋಲುತ್ತೆ ಎಂದದ್ದು ನೆಪವಾಗಿರಲಿಲ್ಲ. ಗ್ಲಾಕೋಮಾ ಒಳಗೊಳಗೇ ಬೆಳೆದಿತ್ತು. ಕಳೆದ ವರ್ಷ ವಾಲ್ನಟ್ ಕ್ರೀಕ್‌ನ ಕಣ್ಣಿನ ಡಾಕ್ಟರು ಇನ್ನು ಕಾರು ಮುಟ್ಟಬೇಡಿ ಎಂದುಬಿಟ್ಟರು. ಅಕ್ಷಯಾ ಸಿಯಾಟಲ್‌ನಲ್ಲಿದ್ದಾಳೆ. ಶಿವಪ್ರಕಾಶ್ ಗ್ಯಾರೇಜಿನ ಕಡೆ ಹೋಗುವುದನ್ನೇ ಬಿಟ್ಟರು. ಮುಂದಿನ ತಪಾಸಣೆ ಹತ್ತಿರ ಬಂದಾಗ ವಾಣಿಶ್ರೀ, "ಬಸ್ಸಿದೆ. ನಾನು ಕರ್ಕೊಂಡು ಹೋಗ್ತೀನಿ," ಎಂದರು.

"ನಿನ್ನ ಕೈಲಿ ಆಗಲ್ಲ ವಾಣಿ. ನನಗೆ ಕಣ್ಣಿಲ್ಲ, ನಿನಗೆ ದಾರಿ ಗೊತ್ತಾಗಲ್ಲ. ಇಬ್ಬರೂ ಎಲ್ಲೋ ಕಳೆದುಹೋಗ್ತೀವಿ."

"ನಾನು ಅವತ್ತು ಕಳೆದುಹೋಗಿರಲಿಲ್ಲ."

"ಏನು?"

"ಬಾಗಿಲು ತೆಗೆದಿತ್ತು. ನಾನೇ ಇಳೀಲಿಲ್ಲ. ಕೊನೇ ತನಕ ಹೋಗಬೇಕು ಅನ್ನಿಸಿತು, ಹೋದೆ."

ಕೂಗಾಡುತ್ತಾರೆ ಎಂದು ವಾಣಿಶ್ರೀ ಕಾದರು. ಕೂಗಾಡಿದ್ದರೆ ಸುಲಭವಾಗುತ್ತಿತ್ತು.

"ನೀನು ಅಳ್ತಾ ಇರ್ತೀಯ ಅಂತ ನಾನು ನಿಂತಿದ್ದೆ," ಎಂದರು ಶಿವಪ್ರಕಾಶ್.

"ಗೊತ್ತು."

"ಗೊತ್ತಿದ್ದೂ?"

ವಾಣಿಶ್ರೀ ತಪಾಸಣೆಯ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡರು. ಆಮೇಲೆ ಶಿವಪ್ರಕಾಶ್ ಕೇಳಿದರು, "ಚೆನ್ನಾಗಿತ್ತಾ ಅಲ್ಲಿ?"

"ಚೆನ್ನಾಗಿತ್ತು ರೀ. ಕಾಡಿತ್ತು. ಗಸಗಸೆ ಹಾಕಿದ ಒಂದು ತಿಂಡಿ ಸಿಕ್ತು."

"ಮಾರನೇ ದಿನ ನನ್ನನ್ನೂ ಕರ್ಕೊಂಡು ಹೋಗಬಹುದಿತ್ತಲ್ಲ," ಎಂದು ಅವರು ಎದ್ದು ಒಳಗೆ ಹೋದರು.

ಈ ಮಾತೇ ಇವತ್ತಿಗೂ ಚುಚ್ಚುತ್ತದೆ ಎನ್ನುತ್ತಾರೆ ವಾಣಿಶ್ರೀ. "ಅವತ್ತೇ ನಿಜ ಹೇಳಿದ್ದರೆ ಒಂದು ದಿನ ಮುನಿಸಿಕೊಳ್ತಿದ್ದರು. ಮಾರನೇ ದಿನ ಇಬ್ಬರೂ ಹೋಗ್ತಿದ್ದೆವು. ಆಗ ಅವರಿಗೆ ಕಣ್ಣು ಚೆನ್ನಾಗಿತ್ತು. ನೋಡ್ತಿದ್ದರು."

ಈಗ ತಿಂಗಳಿಗೊಮ್ಮೆ ಇಬ್ಬರೂ ಬಸ್ಸಿನಲ್ಲಿ ವಾಲ್ನಟ್ ಕ್ರೀಕ್‌ಗೆ ಹೋಗುತ್ತಾರೆ. ಶಿವಪ್ರಕಾಶ್ ಹೆಂಡತಿಯ ಭುಜ ಹಿಡಿದು ಹತ್ತುತ್ತಾರೆ, ಹೇಳಿದಲ್ಲಿ ಇಳಿಯುತ್ತಾರೆ. ಪಾರ್ಟಿಗಳಲ್ಲಿ ಯಾರಾದರೂ ವಿಯೆನ್ನಾದ ಕಥೆ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ. ವಾಣಿಶ್ರೀ ಒಬ್ಬರೇ ಬಸ್ಸು ಹತ್ತಿ ಎಲ್ಲಿಗೆ ಹೋದರೂ ಎಲ್ಲಿಗೆ, ಯಾಕೆ ಎಂದು ಕೇಳುವುದಿಲ್ಲ.

ಮೊದಲ ಸಲ ಹೋದಾಗ ವಾಣಿಶ್ರೀ ಗಂಡನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. "ನೀನೇ ಕೂತ್ಕೋ," ಎಂದರು ಶಿವಪ್ರಕಾಶ್, "ನನಗೇನು ಕಾಣುತ್ತೆ." ಮಾತಿನಲ್ಲಿ ಕಹಿ ಇರಲಿಲ್ಲ. ವಾಣಿಶ್ರೀ ಕಿಟಕಿಯ ಪಕ್ಕ ಕೂತರು. ಆದರೆ ಇಳಿಯುವ ತನಕ ಹೊರಗೆ ನೋಡಲು ಅವರಿಗೆ ಮನಸ್ಸು ಬರಲಿಲ್ಲ.